ಮುದಗಲ್ಲಿನ ಬಯಲೂ ಕಂಠೀರವದ ಅಂಗಳವೂ

ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿಗೆ ಸೇರಿದ ಮುದಗಲ್ಲನ್ನು ನೋಡಬಯಸುವವರು ಸಾಯಂಕಾಲದ ಹೊತ್ತಿಗೆ ಬರುವುದು ಲೇಸು. ಹಗಲೆಲ್ಲ ಬಿಸಿಲಿನಲ್ಲಿ ಕಾದ ಕೋಟೆಯ ಕಲ್ಲುಗಳು ಆಗ ತುಸು ಕೆಂಪಗೆ ಕಾಣುವುವು. ಕಂದಕದ ಕಡೆಯಿಂದ ಗಾಳಿಯೂ ಬೀಸತೊಡಗುವುದು. ಗುಡ್ಡವನ್ನು ಬಳಸಿಕೊಂಡು ಎದ್ದ ಒಳಕೋಟೆ, ಕೊತ್ತಳಗಳಿಂದ ಕೂಡಿದ ಹೊರಕೋಟೆ, ಅದನ್ನು ಸುತ್ತಿದ ಅಗಲವಾದ ಕಂದಕ, ಫತೇ ದರವಾಜ, ಕಾಟಿ ದರವಾಜ ಇವನ್ನೆಲ್ಲ ನೋಡಿ ಮುಗಿಸುವಷ್ಟರಲ್ಲಿ ಪ್ರವಾಸಿಗನ ಕಾಲು ಸೋಲುವುದು. ಮೊಹರಮ್ಮಿನ ದಿನಗಳಲ್ಲಿ ಬಂದರಂತೂ ಹಿಂದೂಗಳೂ ಮುಸಲ್ಮಾನರೂ ಭೇದವೆಣಿಸದೆ ಒಂದೆಡೆ ನೆರೆಯುವ ಸಂಭ್ರಮವನ್ನೂ ಕಾಣಬಹುದು.

ಕೃಷ್ಣೆಗೂ ತುಂಗಭದ್ರೆಗೂ ನಡುವೆ ಇರುವ ಈ ಸೀಮೆಗೆ ಎಡೆದೊರೆನಾಡು ಎಂಬುದು ಪ್ರಾಚೀನವಾದ ಹೆಸರು. ವಿಜಯನಗರದ ಅರಸರಿಗೂ ಬಹಮನಿ ಸುಲ್ತಾನರಿಗೂ, ಅವರ ತರುವಾಯ ವಿಜಾಪುರದ ಆದಿಲಶಾಹಿಗಳಿಗೂ ಈ ನಾಡಿಗಾಗಿ ನಡೆದ ಕಾದಾಟಗಳಲ್ಲಿ ನಮ್ಮ ಕೋಟೆಯು ಅತ್ತಿಂದಿತ್ತ ಕೈ ಬದಲಾಯಿಸುತ್ತಲೇ ಇದ್ದಿತು. ಎರಡು ಪಕ್ಷದವರು ಒಂದೇ ಚೆಂಡಿಗಾಗಿ ಸೆಣಸುವುದನ್ನು ಕಂಡಾಗಲೆಲ್ಲ ನಮಗೆ ನಮ್ಮೂರಿನ ಚರಿತ್ರೆಯೇ ನೆನಪಿಗೆ ಬರುವುದು. ಈ ಮಾತನ್ನು ಸುಮ್ಮನೆ ಆಡಿದುದಲ್ಲ. ನಾವು ಇಂದು ಬರೆಯಹೊರಟಿರುವುದು ಕೋಟೆಯ ವಿಷಯವನ್ನಲ್ಲ, ಕಾಲ್ಚೆಂಡಾಟದ ವಿಷಯವನ್ನು; ಅದರಲ್ಲಿಯೂ ಆಡುವವರ ವಿಷಯವನ್ನಲ್ಲ, ಆಡಿಸುವವರ ವಿಷಯವನ್ನು. ಸಂಸ್ಕೃತದ ಶಬ್ದರೂಪಗಳನ್ನು ಒಪ್ಪಿಸಿಕೊಳ್ಳುತ್ತ ಆಯುಷ್ಯ ಕಳೆದ ನಮಗೆ ಇದರ ಗೊಡವೆ ಏತಕ್ಕೆಂದು ವಾಚಕರು ಕೇಳಬಹುದು. ಅದಕ್ಕೆ ಕಾರಣವುಂಟು.

ಕೋಟೆಯ ಹೊರಗಿನ ಒಂದು ಬಯಲಿನಲ್ಲಿ ದಿನವೂ ಸಂಜೆ ಹತ್ತಿಪ್ಪತ್ತು ಮಂದಿ ಹುಡುಗರು ಚೆಂಡನ್ನು ಒದೆಯುತ್ತಿರುವರು. ಅವರಿಗೆ ಕಲಿಸುವವನು ನಮ್ಮ ಹಳೆಯ ಶಿಷ್ಯ. ಅವನು ವಿದ್ಯಾರ್ಥಿಯಾಗಿದ್ದಾಗ ಜಿಂಕೆಯಂತೆ ಓಡುತ್ತಿದ್ದನು. ಮುಂದೆ ಒಂದು ಪಂದ್ಯದಲ್ಲಿ ಮೊಣಕಾಲಿಗೆ ಪೆಟ್ಟು ಬಿದ್ದು, ಈಗ ಸ್ವಲ್ಪ ಕುಂಟುತ್ತ ನಡೆಯುತ್ತಾನೆ. ಊರಿನಲ್ಲಿ ಸಣ್ಣದೊಂದು ಅಂಗಡಿಯಿಟ್ಟುಕೊಂಡು, ಸಂಜೆಯಾದೊಡನೆ ಬಾಗಿಲು ಹಾಕಿ ಬಯಲಿಗೆ ಬರುತ್ತಾನೆ. ಕೆಲವು ತಿಂಗಳ ಹಿಂದೆ ಆ ಹುಡುಗರಲ್ಲೊಬ್ಬನ ತಂದೆಯು ನಮ್ಮ ಮನೆಗೆ ಬಂದು, “ಸರ, ನಿಮ್ಮ ಶಿಷ್ಯಗ ಒಂದೀಟು ಬುದ್ಧಿ ಹೇಳ್ರಿ. ತಾನ ಓಡಲಾರದವ ಮಂದಿ ಮಕ್ಕಳಿಗೆ ಏನ್ ಕಲಸ್ತಾನ?” ಎಂದು ಕೇಳಿದರು. ನಮಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಉತ್ತರವನ್ನು ಹುಡುಕುತ್ತಿದ್ದಾಗ, ಕೆಲವು ವರ್ಷಗಳ ಹಿಂದೆ ನಾವು ಕೈಕೊಂಡ ಒಂದು ಪ್ರಯಾಣವು ಸ್ಮರಣೆಗೆ ಬಂದಿತು.

ಅದು 2018ನೆಯ ಇಸವಿ. ವಿಳಂಬಿ ಸಂವತ್ಸರದ ಯುಗಾದಿಗೆ ಬೆಂಗಳೂರಿಗೆ ಬರಲೇಬೇಕೆಂದು ನಮ್ಮ ತಂಗಿಯೂ ಸೋದರಳಿಯನೂ ಕರೆದಿದ್ದರು. ಮುದಗಲ್ಲಿನಿಂದ ಲಿಂಗಸುಗೂರಿಗೆ ಬಂದು, ಅಲ್ಲಿಂದ ಮಸ್ಕಿಯ ದಾರಿ ಹಿಡಿದೆವು. ದೇವಾನಾಂಪ್ರಿಯನೆಂಬ ಬಿರುದಿನೊಡನೆ ಅಶೋಕನೆಂಬ ಹೆಸರನ್ನೂ ಹೊತ್ತ ಬಂಡೆಗಲ್ಲಿನ ಶಾಸನವು 1915ರಲ್ಲಿ ದೊರೆತುದು ಆ ಮಸ್ಕಿಯಲ್ಲಿಯೇ. ಅನಂತರ ಸಿಂಧನೂರಿನ ಬತ್ತದ ಗದ್ದೆಗಳನ್ನು ದಾಟಿ, ಗಂಗಾವತಿಯ ಮಾರ್ಗವಾಗಿ ಹೊಸಪೇಟೆಗೆ ಬಂದು ರಾತ್ರಿಯ ರೈಲನ್ನು ಏರಿದೆವು. ತೋರಣಗಲ್ಲಿನ ಬಳಿ ಬಂದಾಗ ಜಿಂದಲ್ ಸಂಸ್ಥೆಯವರ ಉಕ್ಕಿನ ಕಾರ್ಖಾನೆಯ ದೀಪಗಳು ಆಕಾಶವನ್ನೇ ಬೆಳಗುತ್ತಿದ್ದುವು. ಬೆಂಗಳೂರು ಫುಟ್ಬಾಲ್ ಕ್ಲಬ್ಬನ್ನು 2013ರಲ್ಲಿ ಸ್ಥಾಪಿಸಿದವರು ಈ ಸಂಸ್ಥೆಯವರೇ ಎಂಬುದು ನಮಗೆ ಆಗ ತಿಳಿದಿರಲಿಲ್ಲ.

ತಿಳಿದುದು ಮರುದಿನ. “ಮಾವ, ಇವತ್ತು ಸಂಜೆ ಕಂಠೀರವದಲ್ಲಿ ಫೈನಲ್ ಇದೆ. ನಿಮಗೂ ಟಿಕೆಟ್ ತಂದಿದ್ದೀನಿ, ಬನ್ನಿ” ಎಂದು ಅಳಿಯನು ಒತ್ತಾಯಪಡಿಸಿದನು. ನಾವು ಮನಸ್ಸಿಲ್ಲದ ಮನಸ್ಸಿನಿಂದ ಹೊರಟೆವು. ಕಬ್ಬನ್ ಉದ್ಯಾನದ ಮರಗಳ ನೆರಳಿಗೆ ಅನತಿದೂರದಲ್ಲಿರುವ ಶ್ರೀ ಕಂಠೀರವ ಕ್ರೀಡಾಂಗಣವು ಮಲ್ಲವಿದ್ಯೆಯಲ್ಲಿ ಪ್ರಖ್ಯಾತನಾದ ಮೈಸೂರಿನ ರಣಧೀರ ಕಂಠೀರವ ನರಸರಾಜ ಒಡೆಯರನ್ನು ನೆನಪಿಗೆ ತರುವುದು. ಒಳಹೊಕ್ಕು ನೋಡಿದರೆ ಎಲ್ಲೆಲ್ಲಿಯೂ ನೀಲಿಯ ಅಂಗಿಗಳು! ಪಶ್ಚಿಮದ ಮೆಟ್ಟಿಲುಗಳಲ್ಲಿ ನೆರೆದ ತರುಣರು ಪಂದ್ಯ ಮುಗಿಯುವವರೆಗೂ ಕುಳಿತುಕೊಳ್ಳದೆ ಹಾಡುತ್ತಲೇ ಇದ್ದರು.

ಬೆಂಗಳೂರಿಗೆ ಈ ಆಟವು ನಿನ್ನೆ ಮೊನ್ನೆ ಬಂದುದಲ್ಲ. 1946–47ರಲ್ಲಿಯೇ ಮೈಸೂರು ತಂಡವು ಸಂತೋಷ್ ಟ್ರೋಫಿಯನ್ನು ಗೆದ್ದಿತ್ತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಬಹುಮಂದಿ ಬರಿಗಾಲಿನಲ್ಲಿಯೇ ಆಡಿದ ಭಾರತದ ತಂಡವು ಫ್ರಾನ್ಸಿನೆದುರು 2–1ರಿಂದ ಸೋತಾಗ, ನಮ್ಮ ಕಡೆಯ ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. 1968–69ರ ತರುವಾಯ ಮಾತ್ರ ಸಂತೋಷ್ ಟ್ರೋಫಿಯು ನಮ್ಮ ನಾಡಿಗೆ ಬಹುಕಾಲ ಒಲಿಯಲಿಲ್ಲ. ಮತ್ತೆ ದೊರೆತುದು 2023ರ ಮಾರ್ಚಿ ತಿಂಗಳಿನಲ್ಲಿ, ಅರಬಸ್ಥಾನದ ರಿಯಾದ್ ನಗರದಲ್ಲಿ.

ಆಟ ಆರಂಭವಾಗುವ ಮುನ್ನ ಅಳಿಯನು ಗೆರೆಯ ಹೊರಗೆ ನಿಂತಿದ್ದ ಒಬ್ಬ ಹಿರಿಯರನ್ನು ತೋರಿಸಿ, “ಅವರೇ ನಮ್ಮ ಕೋಚು, ಆಲ್ಬರ್ಟ್ ರೋಕಾ. ಸ್ಪೇನಿನವರು” ಎಂದನು. ಅಂದಿನಿಂದ ಅವರ ವೃತ್ತಾಂತವನ್ನು ಪತ್ರಿಕೆಗಳಲ್ಲಿ ಓದುವ ಅಭ್ಯಾಸವು ನಮಗೆ ಅಂಟಿಕೊಂಡಿತು. 1962ರಲ್ಲಿ ಕ್ಯಾಟಲೋನಿಯಾ ಪ್ರಾಂತದ ಗ್ರನೊಯೆರ್ಸ್ ಎಂಬ ಊರಿನಲ್ಲಿ ಹುಟ್ಟಿದ ಇವರು ಆಟಗಾರರಾಗಿ ಗೋಲು ಕಾಯುವವನ ಮುಂದೆ ನಿಂತು ಎದುರಾಳಿಗಳನ್ನು ತಡೆಯುವ ಸ್ಥಾನದಲ್ಲಿ ಆಡಿದವರು. ಆಟಗಾರರಾಗಿ ಅವರಿಗೆ ಲೋಕಪ್ರಸಿದ್ಧಿ ಬರಲಿಲ್ಲ. ಆಟ ಬಿಟ್ಟ ಮೇಲೆ ಹಾಲೆಂಡಿನ ಫ್ರಾಂಕ್ ರೈಕಾರ್ಡರು ಬಾರ್ಸಿಲೋನಾ ತಂಡವನ್ನು ನಡೆಸುತ್ತಿದ್ದಾಗ, 2003ರಿಂದ 2008ರವರೆಗೆ, ಅವರ ಸಹಾಯಕವರ್ಗದಲ್ಲಿದ್ದರು. ಆ ತಂಡವು 2006ರಲ್ಲಿ ಪ್ಯಾರಿಸಿನಲ್ಲಿ ಆರ್ಸೆನಲ್ ತಂಡವನ್ನು 2–1ರಿಂದ ಸೋಲಿಸಿ ಯೂರೋಪಿನ ಅತ್ಯುಚ್ಚ ಪ್ರಶಸ್ತಿಯನ್ನು ಪಡೆಯಿತು. ಅನಂತರ ತುರ್ಕಸ್ಥಾನ, ಸೌದಿ ಅರಬಸ್ಥಾನಗಳಲ್ಲಿಯೂ ರೈಕಾರ್ಡರ ಜತೆಯಲ್ಲಿದ್ದು, ಮಧ್ಯ ಅಮೆರಿಕೆಯ ಎಲ್ ಸಾಲ್ವಡೋರ್ ದೇಶದ ತಂಡವನ್ನು ತಾವೇ ನಡೆಸಿ, 2016ರ ಜುಲೈ ತಿಂಗಳಿನಲ್ಲಿ ಬೆಂಗಳೂರಿಗೆ ಬಂದರು.

ಸಮುದ್ರದಾಚೆಯವರ ನೆರವು ನಮ್ಮ ನಾಡಿಗೆ ಹೊಸದೇನೂ ಅಲ್ಲ. 1520ರಲ್ಲಿ ಕೃಷ್ಣದೇವರಾಯನು ರಾಯಚೂರನ್ನು ಮುತ್ತಿದಾಗ, ಸ್ಪೇನಿನ ನೆರೆಯ ದೇಶವಾದ ಪೋರ್ತುಗಾಲಿನ ಫಿಗೇರೆದೊ ಎಂಬವನು ಕೆಲವರು ಬಂದೂಕಿನವರೊಡನೆ ಬಂದಿದ್ದನು. ಗೋಡೆಯ ಮೇಲೆ ತಲೆಯೆತ್ತಿದವರನ್ನು ಅವರು ಹೊಡೆದುರುಳಿಸುತ್ತಿದ್ದುದರಿಂದ ಕೋಟೆಯ ಕಲ್ಲುಗಳನ್ನು ಕೀಳುವವರ ಕೆಲಸವು ಸುಗಮವಾಯಿತೆಂದು ನೂನಿಜ್ ಎಂಬ ಕುದುರೆ ವ್ಯಾಪಾರಿಯು ಬರೆದಿಟ್ಟಿದ್ದಾನೆ. ಆದರೆ ಫಿಗೇರೆದೊ ತಾನೇ ರಣರಂಗದೊಳಗೆ ಇಳಿದವನು. ಕಾಲ್ಚೆಂಡಾಟದ ಗುರುವಿಗೆ ಆ ಅವಕಾಶವಿಲ್ಲ. ವಾರವೆಲ್ಲ ಅಭ್ಯಾಸ ಮಾಡಿಸಿ, ಹನ್ನೊಂದು ಮಂದಿಯನ್ನು ಆರಿಸಿ, ಯಾರು ಎಲ್ಲಿ ನಿಲ್ಲಬೇಕೆಂದು ನಿಯಮಿಸಿ ಕಳುಹಿಸಿದ ಮೇಲೆ ಅವನು ಗೆರೆಯ ಹೊರಗೆ ಗುರುತು ಮಾಡಿದ ಸ್ಥಳದಲ್ಲಿ ನಿಲ್ಲಬೇಕು. ಆಟವನ್ನು ನಿಲ್ಲಿಸಿ ಬುದ್ಧಿ ಹೇಳುವಂತಿಲ್ಲ. ನಡುವೆ ಒಮ್ಮೆ ವಿರಾಮದಲ್ಲಿ ಮಾತನಾಡಬಹುದು, ಅಂದಿನ ನಿಯಮದಂತೆ ಮೂವರನ್ನು ಬದಲಾಯಿಸಬಹುದು. ಆಯುಧ ಹಿಡಿಯೆನೆಂದು ಮಾತು ಕೊಟ್ಟು ಕುರುಕ್ಷೇತ್ರಕ್ಕೆ ಬಂದ ಪಾರ್ಥಸಾರಥಿಯಾದರೂ ರಥದ ಮೇಲೆ ಅರ್ಜುನನ ಜತೆಯಲ್ಲಿದ್ದನು. ಈ ಸಾರಥಿಗೆ ರಥದಲ್ಲಿಯೂ ಎಡೆಯಿಲ್ಲ.

ರೋಕಾ ಅವರು ಬಂದ ಮೊದಲ ವರ್ಷವೇ ತಂಡವು ಏಷ್ಯಾಖಂಡದ ಎ.ಎಫ್.ಸಿ. ಕಪ್ಪಿನಲ್ಲಿ ಸಿಂಗಪುರದ ಟ್ಯಾಂಪಿನಿಸ್ ತಂಡವನ್ನೂ, ಹಿಂದಿನ ವರ್ಷದ ವಿಜೇತರಾದ ಮಲೇಷ್ಯದ ಜೊಹೊರ್ ತಂಡವನ್ನೂ ಸೋಲಿಸಿತು. ಜೊಹೊರಿನವರನ್ನು 3–1ರಿಂದ ಹಿಮ್ಮೆಟ್ಟಿಸಿದುದು ಇದೇ ಕಂಠೀರವದಲ್ಲಿ, 2016ರ ಅಕ್ಟೋಬರ್ 19ರಂದು. ಭಾರತದ ಯಾವ ಕ್ಲಬ್ಬೂ ಅದುವರೆಗೆ ಆ ಸ್ಪರ್ಧೆಯ ಅಂತಿಮ ಪಂದ್ಯವನ್ನು ಮುಟ್ಟಿರಲಿಲ್ಲ. ನವೆಂಬರ್ 5ರಂದು ದೋಹಾ ನಗರದಲ್ಲಿ ಇರಾಕಿನ ವಾಯುಪಡೆಯ ತಂಡದೆದುರು ಒಂದು ಗೋಲಿನಿಂದ ಸೋಲಾಯಿತು. ಮರುವರ್ಷದ ಐ-ಲೀಗಿನಲ್ಲಿ ತಂಡವು ನಾಲ್ಕನೆಯ ಸ್ಥಾನಕ್ಕೆ ಇಳಿಯಿತು. ಆದರೂ ಮೇ ತಿಂಗಳಿನಲ್ಲಿ ಕಟಕದಲ್ಲಿ ಮೋಹನ್ ಬಾಗಾನನ್ನು ಸೋಲಿಸಿ ಫೆಡರೇಷನ್ ಕಪ್ಪನ್ನು ತಂದಿತು. 2017–18ರಲ್ಲಿ ಇಂಡಿಯನ್ ಸೂಪರ್ ಲೀಗಿಗೆ ಪ್ರವೇಶಿಸಿದ ಮೊದಲ ವರ್ಷವೇ ಹದಿನೆಂಟು ಪಂದ್ಯಗಳಲ್ಲಿ 40 ಅಂಕಗಳನ್ನು ಗಳಿಸಿ, ಎರಡನೆಯವರಾದ ಚೆನ್ನೈಯವರಿಗಿಂತ ಎಂಟು ಅಂಕ ಮುಂದಿತ್ತು. ಅದೇ ಚೆನ್ನೈಯವರೊಡನೆ ನಡೆಯುವ ಅಂತಿಮ ಪಂದ್ಯವನ್ನು ನೋಡಲು ನಾವು ಕುಳಿತಿದ್ದೆವು.

ಅದು ಮಾರ್ಚಿ 17, ಶನಿವಾರ. ಒಂಬತ್ತನೆಯ ನಿಮಿಷದಲ್ಲಿ ಉದಾಂತ ಸಿಂಗನು ಬದಿಯಿಂದ ಕಳುಹಿಸಿದ ಚೆಂಡಿಗೆ ಸುನಿಲ್ ಛೇತ್ರಿಯು ನೆಲಕ್ಕೆ ಬಾಗಿ ಹಾರಿ ತಲೆಯೊಡ್ಡಿ ಗೋಲು ಹೊಡೆದಾಗ, ನಾವೂ ಎದ್ದು ನಿಂತು ಕೂಗಿದೆವೆಂಬುದನ್ನು ಒಪ್ಪಿಕೊಳ್ಳಬೇಕು. ಆದರೆ ಸಂತೋಷವು ಹೆಚ್ಚು ಹೊತ್ತು ನಿಲ್ಲಲಿಲ್ಲ. ಚೆನ್ನೈಯ ಮೈಲ್ಸನ್ ಆಲ್ವಿಸ್ ಎಂಬ ಬ್ರೆಜಿಲ್ ದೇಶದವನು ಮೂಲೆಯಿಂದ ಒದ್ದ ಚೆಂಡಿಗೆ ತಲೆಯಿಟ್ಟು ವಿರಾಮದೊಳಗಾಗಿ ಎರಡು ಗೋಲುಗಳನ್ನು ಹೊಡೆದನು. ಮುಂದೆ ಇನ್ನೊಂದೂ ಆಯಿತು. ಕೊನೆಯ ಗಳಿಗೆಯಲ್ಲಿ ಮೀಕು ಎಂಬವನು ನಮ್ಮ ಕಡೆಗೆ ಒಂದನ್ನು ಹೊಡೆದರೂ, 3–2ರಿಂದ ಚೆನ್ನೈಯವರೇ ಗೆದ್ದರು. ಅಂಗಳದಲ್ಲಿ ಆಡಿದವರು ಹನ್ನೊಂದು ಮಂದಿ. ಆದರೆ ನಮ್ಮ ಹಿಂದಿನ ಸಾಲಿನಲ್ಲಿ ಕುಳಿತವರು ಬೈದುದು ಹೊರಗೆ ನಿಂತ ಒಬ್ಬರನ್ನು. ಮರುದಿನ ಬೆಳಿಗ್ಗೆ ತಂಗಿಯು ಬೇವುಬೆಲ್ಲವನ್ನು ಕೈಗೆ ಹಾಕಿದಾಗ ಅಳಿಯನು, “ನನಗೆ ನಿನ್ನೆಯೇ ಬೇವು ಆಯಿತಮ್ಮ, ಬೆಲ್ಲ ಮಾತ್ರ ಕೊಡು” ಎಂದು ನಗುತ್ತ ಹೇಳಿದನು.

ಬೆಲ್ಲವೂ ಬಂದಿತು. ಮುಂದಿನ ತಿಂಗಳು 20ನೆಯ ತಾರೀಖು ಭುವನೇಶ್ವರದಲ್ಲಿ ಈಸ್ಟ್ ಬೆಂಗಾಲ್ ತಂಡವನ್ನು 4–1ರಿಂದ ಸೋಲಿಸಿ ಬೆಂಗಳೂರು ಸೂಪರ್ ಕಪ್ಪನ್ನು ಗೆದ್ದಿತು. ಅಷ್ಟಾದ ಮೇಲೆ ರೋಕಾ ಅವರು ತಾವಾಗಿಯೇ ಹುದ್ದೆಯನ್ನು ಬಿಟ್ಟರು. ಅವರ ಸ್ಥಾನಕ್ಕೆ ಬಂದವರು ಎರಡು ವರ್ಷ ಅವರಿಗೆ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾಡ್ರಾಟ್. ಇವರು 1968ರಲ್ಲಿ ಬಾರ್ಸಿಲೋನಾದಲ್ಲಿ ಹುಟ್ಟಿ, ಆ ನಗರದ ಹೆಸರಾಂತ ಕ್ಲಬ್ಬಿನ ಬಾಲಕರ ಶಾಲೆಯಲ್ಲಿ ಬೆಳೆದವರು. ಇವರ ಹೆಸರು ಬೆಳಗಿದುದೂ ಆಟಗಾರರಾಗಿ ಅಲ್ಲ, ಆಡಿಸುವವರಾಗಿ. 2019ರಲ್ಲಿ, ಸರಿಯಾಗಿ ಒಂದು ವರ್ಷ ಕಳೆದು ಅದೇ ಮಾರ್ಚಿ 17ರಂದು, ಮುಂಬಯಿಯಲ್ಲಿ ಬೆಂಗಳೂರು ತಂಡವು ಮತ್ತೆ ಅಂತಿಮ ಪಂದ್ಯಕ್ಕೆ ನಿಂತಿತು. ಎದುರಾಳಿಗಳು ಗೋವೆಯವರು, ಅವರನ್ನು ನಡೆಸುತ್ತಿದ್ದ ಸೆರ್ಹಿಯೋ ಲೊಬೇರಾ ಅವರೂ ಸ್ಪೇನಿನವರೇ. ತೊಂಬತ್ತು ನಿಮಿಷಗಳು ಮುಗಿದರೂ ಗೋಲಾಗಲಿಲ್ಲ. ಹೆಚ್ಚಿನ ಅವಧಿಯೂ ಮುಗಿಯುತ್ತ ಬಂದಾಗ ದಿಮಾಸ್ ದೆಲ್ಗಾದೊ ಮೂಲೆಯಿಂದ ಒದ್ದ ಚೆಂಡಿಗೆ ರಾಹುಲ್ ಭೇಕೆಯು ತಲೆಯೊಡ್ಡಿ ಪಂದ್ಯದ ಏಕೈಕ ಗೋಲನ್ನು ಹೊಡೆದನು. ಹಿಂದಿನ ವರ್ಷ ಸೋಲು ಬಂದುದು ಮೂಲೆಯ ಒದೆತಗಳಿಂದ. ಈ ವರ್ಷ ಗೆಲವು ಬಂದುದೂ ಮೂಲೆಯ ಒದೆತದಿಂದಲೇ. ಇಂಥ ಒದೆತದ ಕಾಲಕ್ಕೆ ಯಾರು ಎಲ್ಲಿಂದ ಓಡಿಬರಬೇಕು, ಯಾರು ಯಾರನ್ನು ತಡೆಯಬೇಕೆಂಬುದು ಮುಂಚಿತವಾಗಿಯೇ ಪಾಠ ಮಾಡಿಸುವ ವಿಷಯ. ಮುದಗಲ್ಲಿನ ಮನೆಯಲ್ಲಿ ದೂರದರ್ಶನದ ಮುಂದೆ ಕುಳಿತು ಅದನ್ನು ನೋಡುತ್ತಿದ್ದ ನಮಗೆ, ಹಿಂದಿನ ಪರೀಕ್ಷೆಯಲ್ಲಿ ತಪ್ಪಿದ ಲೆಕ್ಕವನ್ನೇ ಹುಡುಗನೊಬ್ಬನು ಈ ಬಾರಿ ಸರಿಯಾಗಿ ಮಾಡಿದಂತೆ ತೋರಿತು.

ಇಷ್ಟಾದರೂ ಈ ವೃತ್ತಿಯಲ್ಲಿ ಗೆಲವಿನ ಋಣವು ಬಹುಕಾಲ ನಿಲ್ಲುವುದಿಲ್ಲ. 2021ರ ಜನವರಿಯಲ್ಲಿ ಸಾಲಾಗಿ ಮೂರು ಪಂದ್ಯಗಳನ್ನು ಸೋತುದರಿಂದ ಕ್ವಾಡ್ರಾಟರು ಬೆಂಗಳೂರನ್ನು ಬಿಡಬೇಕಾಯಿತು. 2023ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡಕ್ಕೆ ಗುರುವಾಗಿ ಬಂದು, 2024ರ ಜನವರಿಯಲ್ಲಿ ಒಡಿಶಾ ತಂಡವನ್ನು 3–2ರಿಂದ ಸೋಲಿಸಿ, ಹನ್ನೆರಡು ವರ್ಷಗಳಿಂದ ರಾಷ್ಟ್ರಮಟ್ಟದ ದೊಡ್ಡ ಪ್ರಶಸ್ತಿಯನ್ನು ಕಾಣದಿದ್ದ ಆ ಹಳೆಯ ತಂಡಕ್ಕೆ ಸೂಪರ್ ಕಪ್ಪನ್ನು ಗೆದ್ದುಕೊಟ್ಟರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಲೀಗಿನ ಮೊದಲ ಮೂರು ಪಂದ್ಯಗಳು ಸೋತುವು. ಅವರು ಅಲ್ಲಿಂದಲೂ ಹೊರಟರು. ರೋಕಾ ಅವರೋ, 2020ರಲ್ಲಿ ಹೈದರಾಬಾದಿನ ತಂಡವನ್ನು ನಡೆಸಲು ಬಂದಿದ್ದವರು, ಕೆಲವೇ ತಿಂಗಳಲ್ಲಿ ಬಾರ್ಸಿಲೋನಾದಿಂದ ಕರೆಬರಲು, ಆಟಗಾರರ ದೇಹಶಿಕ್ಷಣವನ್ನು ನೋಡಿಕೊಳ್ಳುವ ಸಹಾಯಕ ಸ್ಥಾನಕ್ಕೆ ಹಿಂದಿರುಗಿದರು. ತಂಡವನ್ನು ತಾನೇ ನಡೆಸಿದವನು ಮತ್ತೊಬ್ಬರ ಕೈಕೆಳಗೆ ನಿಲ್ಲಲು ನಾಚಲಿಲ್ಲವೆಂಬುದು ನಮಗೆ ಹಿಡಿಸಿತು.

ಮನೆಗೆ ಬಂದಿದ್ದ ಆ ತಂದೆಯ ಪ್ರಶ್ನೆಗೆ ಈಗ ಬರೋಣ. ಕಾಳಿದಾಸನ ಮಾಲವಿಕಾಗ್ನಿಮಿತ್ರದಲ್ಲಿ ಗಣದಾಸ, ಹರದತ್ತ ಎಂಬ ಇಬ್ಬರು ನಾಟ್ಯಾಚಾರ್ಯರಿಗೆ ತಮ್ಮಲ್ಲಿ ಯಾರು ಮೇಲೆಂಬ ವಿವಾದ ಹುಟ್ಟುವುದು. ಆಗ ಅವರಿಬ್ಬರನ್ನೇ ಕುಣಿಸಿ ನೋಡಬೇಕೆಂದು ಯಾರೂ ಹೇಳುವುದಿಲ್ಲ. ಅವರವರ ಶಿಷ್ಯೆಯರ ನಾಟ್ಯವನ್ನು ನೋಡಿ ತೀರ್ಮಾನಿಸಬೇಕೆಂದು ನಿಶ್ಚಯವಾಗುವುದು. ಈ ನಾಟಕವನ್ನು ನಾವು ಎಷ್ಟೋ ಸಲ ಪಾಠ ಹೇಳಿದ್ದೆವು. ಅದರ ಅರ್ಥವು ನಮಗೇ ಗೊತ್ತಾದುದು ಕಂಠೀರವದ ಮೆಟ್ಟಿಲ ಮೇಲೆ ಕುಳಿತ ತರುವಾಯ.

ಇನ್ನೊಂದು ಮಾತನ್ನು ಮರೆಮಾಚಬಾರದು. ಆ ನಮ್ಮ ಶಿಷ್ಯನು ಹತ್ತನೆಯ ತರಗತಿಯಲ್ಲಿದ್ದಾಗ, ಪಂದ್ಯಕ್ಕೆ ಹೋಗಲು ಎರಡು ದಿನಗಳ ರಜೆ ಕೇಳಿದ್ದನು. “ಕಾಲಿನಿಂದ ಯಾರ ಹೊಟ್ಟೆಯೂ ತುಂಬಿಲ್ಲ, ಹೋಗಿ ಧಾತುರೂಪ ಬರೆ” ಎಂದು ಹೇಳಿ, ತರಗತಿಯೆದುರಿಗೆ ಅವನನ್ನು ನಗೆಗೀಡು ಮಾಡಿದೆವು. ಮೊಣಕಾಲು ಕೆಟ್ಟು ಅವನು ಊರಿಗೆ ಬಂದಾಗಲೂ, “ನಾವು ಆಗಲೇ ಹೇಳಿರಲಿಲ್ಲವೇ?” ಎಂದೆವು. ಭಾರತದಲ್ಲಿ ಎರಡು ಬಗೆಯ ಸಾರಥಿಗಳು ಬರುತ್ತಾರೆ. ಅರ್ಜುನನಿಗೆ ಧೈರ್ಯ ಹೇಳಿದವನು ಒಬ್ಬ. ಕರ್ಣನ ರಥದ ಮೇಲೆ ಕುಳಿತು ಅವನನ್ನೇ ಹೀನಾಯಿಸಿ ಎದೆಗುಂದಿಸಿದ ಶಲ್ಯನು ಇನ್ನೊಬ್ಬ. ಮೂವತ್ತು ವರ್ಷಕ್ಕೂ ಮಿಕ್ಕು ಅಧ್ಯಾಪಕರಾಗಿದ್ದ ನಾವು ಆ ಹುಡುಗನ ಪಾಲಿಗೆ ಶಲ್ಯನ ಕೆಲಸವನ್ನೇ ಮಾಡಿದ್ದೆವು. ಆದುದರಿಂದಲೇ ಆ ತಂದೆಯು ಪ್ರಶ್ನೆ ಕೇಳಿದಾಗ ನಮ್ಮ ಬಾಯಿ ಕಟ್ಟಿದುದು.

ನಾವು ಆ ಗೃಹಸ್ಥರಿಗೆ ಉಪದೇಶ ಮಾಡಹೋಗಲಿಲ್ಲ. ಒಂದು ಸಂಜೆ ಅವರನ್ನು ಜತೆಗೆ ಕರೆದುಕೊಂಡು ಬಯಲಿಗೆ ಹೋಗಿ, ಅಂಚಿನಲ್ಲಿದ್ದ ಕಲ್ಲಿನ ಮೇಲೆ ಕುಳಿತೆವು. ಶಿಷ್ಯನು ಓಡಲಿಲ್ಲ. ಒಂದೆಡೆ ನಿಂತು, “ಚೆಂಡು ನೋಡಬ್ಯಾಡ್ರೋ, ಜಾಗ ನೋಡ್ರಿ” ಎನ್ನುತ್ತಿದ್ದನು. ತಪ್ಪಿದವನನ್ನು ಕರೆದು, ಹೆಗಲ ಮೇಲೆ ಕೈಯಿಟ್ಟು, ನೆಲದ ಮೇಲೆ ಕಡ್ಡಿಯಿಂದ ಗೆರೆ ಎಳೆದು ತೋರಿಸುತ್ತಿದ್ದನು. ಆ ಗೃಹಸ್ಥರ ಮಗನು ಇಬ್ಬರ ನಡುವೆ ನುಸುಳಿ, ತಾನೇ ಒದೆಯಬಹುದಾಗಿದ್ದ ಚೆಂಡನ್ನು ಬದಿಯಲ್ಲಿದ್ದ ಸಣ್ಣ ಹುಡುಗನಿಗೆ ಸಾಗಿಸಿ, ಅವನಿಂದ ಗೋಲು ಹೊಡೆಯಿಸಿದನು. ತಂದೆಯು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮನ್ಯಾಗ ತಮ್ಮಗ ಒಂದು ಪೆನ್ಸಿಲ್ ಕೊಡಂಗಿಲ್ಲ ನೋಡ್ರಿ ಇವ” ಎಂದರು. ಮುಂದೆ ಅವರು ಹುಡುಗನನ್ನು ಬಿಡಿಸುವ ಮಾತನ್ನು ಎತ್ತಲಿಲ್ಲ.

ಆಟ ಮುಗಿದ ಮೇಲೆ ಶಿಷ್ಯನು ನಮ್ಮ ಬಳಿಗೆ ಬಂದು, “ಏನ್ ಸರ, ಇತ್ಲಾಗ ಬಂದೀರಿ?” ಎಂದು ಸಂಕೋಚದಿಂದ ಕೇಳಿದನು. ಹಿಂದೆ ರಜೆ ಕೊಡದೆ ಹೋದುದು ತಪ್ಪಾಯಿತೆಂದು ಹೇಳಿದೆವು. ಅವನು ನಕ್ಕು, “ಅದೆಲ್ಲ ಎಲ್ಲಿ ನೆನಪೈತ್ರಿ ಸರ” ಎಂದನು. ಆದರೆ ನೆನಪಿದ್ದುದು ಅವನ ಮುಖದಲ್ಲಿ ಕಾಣುತ್ತಿತ್ತು. ಅಷ್ಟರಲ್ಲಿ ಕತ್ತಲಾಯಿತು. ಹುಡುಗರು ಗೋಲಿನ ಗುರುತಿಗೆಂದು ಇಟ್ಟಿದ್ದ ಕಲ್ಲುಗಳನ್ನು ಬದಿಗೆ ಸರಿಸಿ, ಚೆಂಡನ್ನು ಅವನ ಕೈಗೆ ಕೊಟ್ಟು ಮನೆಗಳಿಗೆ ಹೊರಟರು. ಈಗ ವಾರಕ್ಕೆ ಎರಡು ಸಲವಾದರೂ ನಾವು ಆ ಕಲ್ಲಿನ ಮೇಲೆ ಹೋಗಿ ಕೂಡುತ್ತೇವೆ. ಮುದಗಲ್ಲಿನ ಕೋಟೆಯನ್ನು ನೋಡಬರುವ ವಾಚಕರು ಕಂದಕವನ್ನೂ ದರವಾಜಗಳನ್ನೂ ನೋಡಿದ ತರುವಾಯ, ಹೊತ್ತಿದ್ದರೆ ಈ ಬಯಲಿಗೂ ಬರಬೇಕು. ಆಡುವ ಹುಡುಗರ ಜತೆಗೆ, ಗೆರೆಯ ಹೊರಗೆ ನಿಂತವನನ್ನೂ ಒಂದು ಗಳಿಗೆ ನೋಡಬೇಕೆಂಬುದು ನಮ್ಮ ವಿನಂತಿ.